ವಿಸ್ಕಿ ಅವರಿಗೆ, ಪಿಂಕ್ ಡ್ರಿಂಕ್ ಇವರಿಗೆ: ಗ್ಲಾಸಿಗೆ ಗಂಡು-ಹೆಣ್ಣು ಅಂಟಿಕೊಂಡದ್ದು ಹೇಗೆ?

ಹೋದ ವರ್ಷ ನಮ್ಮ ಮದುವೆ ದಿನಕ್ಕೆ ನಾನೂ ನನ್ನ ಗಂಡನೂ ಬೆಂಗಳೂರಿನ ಒಂದು ರೆಸ್ಟೋರೆಂಟಿಗೆ ಹೋಗಿದ್ದೆವು. ನಾನು ವಿಸ್ಕಿ ಹೇಳಿದೆ. ಸೋಡಾ ಬೇಡ, ಎರಡು ಐಸ್ ಸಾಕು ಅಂದೆ. ಅವರು ಕ್ರ್ಯಾನ್‌ಬೆರಿ ಜ್ಯೂಸ್ ಬೆರೆಸಿದ ವೋಡ್ಕಾ ಹೇಳಿದರು. ಆರ್ಡರ್ ಬರೆದುಕೊಂಡ ಹುಡುಗನೇ ಟ್ರೇ ಹಿಡಿದು ಬಂದ. ಒಂದು ಕ್ಷಣವೂ ಯೋಚಿಸದೆ ವಿಸ್ಕಿಯನ್ನು ಅವರ ಮುಂದೆ ಇಟ್ಟ, ಗುಲಾಬಿ ಬಣ್ಣದ ಗ್ಲಾಸನ್ನು ನನ್ನ ಮುಂದೆ ಇಟ್ಟ. ನಾವು ಸುಮ್ನೆ ಅದಲು ಬದಲು ಮಾಡಿಕೊಂಡೆವು. ಅವನು ಅದನ್ನು ನೋಡಿದ ಕೂಡ. ಎರಡನೇ ಸಲ ತಂದಾಗಲೂ ಮತ್ತೆ ಹಾಗೇ ಇಟ್ಟ!

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು ಅನ್ನೋದು ಮಾತ್ರ ಅವತ್ತಿನಿಂದ ತಲೆಯಲ್ಲಿ ಕೂತಿದೆ. ತಾನೇ ಬರೆದುಕೊಂಡ ಆರ್ಡರನ್ನು ಮರೆಸುವಷ್ಟು ಗಟ್ಟಿಯಾದ ನಂಬಿಕೆ ಅದು. ವಿಸ್ಕಿ, ರಮ್, ಬಿಯರ್ ಗಂಡಸರದು. ವೈನ್, ಹಣ್ಣಿನ ರುಚಿಯ ಬ್ರೀಜರ್, ಬಣ್ಣ ಬಣ್ಣದ ಕಾಕ್‌ಟೇಲ್ ಹೆಂಗಸರದು. ಇದನ್ನು ಯಾರೂ ನಮಗೆ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ, ಆದರೂ ಎಲ್ಲರಿಗೂ ಗೊತ್ತು. ಕುಡಿಯದವರಿಗೂ ಗೊತ್ತು!

ಕುಡಿಯಿರಿ ಅಂತ ಹೇಳೋಕೆ ನಾನು ಇದನ್ನು ಬರೆಯುತ್ತಿಲ್ಲ. ಈ ನಂಬಿಕೆ ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನಾಗುತ್ತಿದೆ ಅಂತ ಬಿಡಿಸಿ ನೋಡೋಣ.

ಮೊದಲು ಲೆಕ್ಕ. ಬಾಟಲಿಯ ಲೇಬಲ್ ಮೇಲೆ ಎರಡು ಸಂಖ್ಯೆ ಇರುತ್ತವೆ. ಎಷ್ಟು ಮಿಲಿಲೀಟರ್, ಅದರಲ್ಲಿ ಶೇಕಡಾ ಎಷ್ಟು ಆಲ್ಕೋಹಾಲ್. ಎರಡನ್ನೂ ಗುಣಿಸಿ 100ರಿಂದ ಭಾಗಿಸಿದರೆ ನಿಮ್ಮ ಹೊಟ್ಟೆಗೆ ಹೋಗುವ ಶುದ್ಧ ಆಲ್ಕೋಹಾಲ್ ಎಷ್ಟು ಅಂತ ಸಿಗುತ್ತದೆ. ನಮ್ಮ ದೇಶದ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8 ಇರುತ್ತದೆ. 30 ಮಿಲಿಯ ಒಂದು ಸ್ಮಾಲ್ ಪೆಗ್ ಅಂದರೆ ಹತ್ತಿರ ಹತ್ತಿರ 12.8 ಮಿಲಿ ಆಲ್ಕೋಹಾಲ್. ಈಗ "ಅದೇನು ಬಿಡು, ಹುಡುಗಿಯರ ಜ್ಯೂಸು" ಅಂತ ಎಲ್ಲರೂ ಹೇಳುವ ಬ್ರೀಜರ್ ತಗೊಳ್ಳಿ. 275 ಮಿಲಿಯ ಬಾಟಲಿ, ಶೇ. 4.8. ಗುಣಿಸಿದರೆ 13.2 ಮಿಲಿ. ಅಂದರೆ ಆ ಜ್ಯೂಸಿನಲ್ಲಿ ಇರೋದು ಒಂದು ಸ್ಮಾಲ್ ವಿಸ್ಕಿಯಷ್ಟೇ ಆಲ್ಕೋಹಾಲ್, ಒಂದು ಚೂರು ಜಾಸ್ತಿನೇ.

ಇನ್ನೂ ಮುಂದೆ ಹೋಗೋಣ. ಹೆಂಗಸರ ಡ್ರಿಂಕ್ ಅಂತಲೇ ಹೆಸರಾದ ಕಾಸ್ಮೋಪಾಲಿಟನ್ ಕಾಕ್‌ಟೇಲನ್ನು ಅಂತಾರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘದ ಅಳತೆಯಂತೆ ಮಾಡಿದರೆ ಅದರಲ್ಲಿ 40 ಮಿಲಿ ವೋಡ್ಕಾ, 15 ಮಿಲಿ ಕ್ವಾಂತ್ರೋ ಎಂಬ ಕಿತ್ತಳೆ ಲಿಕ್ಕರ್ ಇರುತ್ತದೆ. ಎರಡೂ ಶೇ. 40ರವು. ಒಟ್ಟು 22 ಮಿಲಿ ಆಲ್ಕೋಹಾಲ್. ಮುಂದೆ ಕೂತ ಗಂಡಸಿನ ಸ್ಮಾಲ್ ಪೆಗ್‌ಗಿಂತ ಅದು ಒಂದೂಮುಕ್ಕಾಲು ಪಟ್ಟು. ಲಾಂಗ್ ಐಲ್ಯಾಂಡ್ ಐಸ್ಡ್ ಟೀ ನೋಡೋಕೆ ಲೆಮನ್ ಟೀ ಥರ ಇರುತ್ತದೆ. ಅದರಲ್ಲಿ ಟೀ ಒಂದು ಹನಿಯೂ ಇರುವುದಿಲ್ಲ. ವೋಡ್ಕಾ, ಜಿನ್, ರಮ್, ಟಕೀಲಾ, ಕ್ವಾಂತ್ರೋ, ಐದೂ ತಲಾ 15 ಮಿಲಿ ಇರುತ್ತವೆ. ಎರಡು ಪೆಗ್ ದಾಟಿ ಮೂರನೆಯದರ ಕಡೆ ಹೊರಟಿದೆ ಅಂತ ಅರ್ಥ.

ಬಿಯರ್ ಕತೆಯೂ ಇದೇ. "ಬರೀ ಬಿಯರ್ ತಾನೇ" ಅನ್ನುತ್ತಾರಲ್ಲ, ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 52 ಮಿಲಿ ಆಲ್ಕೋಹಾಲ್ ಇದೆ. ನಾಲ್ಕು ಸ್ಮಾಲ್ ಪೆಗ್. ಒಂದೇ ಬಾಟಲಿ!

ಇದನ್ನು ಇಷ್ಟು ಬಿಡಿಸಿ ಹೇಳೋಕೆ ಕಾರಣ ಇದೆ. ಗಂಡು-ಹೆಣ್ಣಿನ ನಡುವೆ ನಿಜವಾದ ವ್ಯತ್ಯಾಸ ಇರೋದು ರುಚಿಯಲ್ಲಿ ಅಲ್ಲ, ಮೈಯಲ್ಲಿ. ಆಲ್ಕೋಹಾಲ್ ಮೈಯೊಳಗಿನ ನೀರಿನಲ್ಲಿ ಹರಡಿಕೊಳ್ಳುತ್ತದೆ. ಒಂದೇ ತೂಕದವರಾದರೂ ಹೆಂಗಸರ ಮೈಯಲ್ಲಿ ಸಾಮಾನ್ಯವಾಗಿ ನೀರಿನ ಪಾಲು ಕಡಿಮೆ, ಕೊಬ್ಬಿನ ಪಾಲು ಜಾಸ್ತಿ. ಹಾಗಾಗಿ ಇಬ್ಬರೂ ಒಂದೇ ಅಳತೆ ಕುಡಿದರೂ ಹೆಂಗಸಿನ ರಕ್ತದಲ್ಲಿ ಆಲ್ಕೋಹಾಲ್ ಹೆಚ್ಚು ಏರುತ್ತದೆ. ಹೆಚ್ಚು ಹುಷಾರಾಗಿರಬೇಕಾದವರ ಕೈಗೇ ನಾವು "ಇದು ಲೈಟು, ಲೇಡೀಸ್ ಡ್ರಿಂಕ್" ಅಂತ ಹೇಳಿ ಎರಡು ಪೆಗ್ಗಿನ ಗ್ಲಾಸು ಕೊಡುತ್ತೇವೆ. ಸಕ್ಕರೆ, ಜ್ಯೂಸು ಸೇರಿ ಆಲ್ಕೋಹಾಲಿನ ಖಾರ ನಾಲಿಗೆಗೆ ಗೊತ್ತಾಗುವುದಿಲ್ಲ. ಎದ್ದು ನಿಂತಾಗ ಗೊತ್ತಾಗುತ್ತದೆ. ಮೊದಲ ಸಲ ಪಾರ್ಟಿಗೆ ಹೋದ ಹುಡುಗಿಯರು "ನಾನು ಸ್ಟ್ರಾಂಗ್ ಏನೂ ಕುಡಿದೇ ಇಲ್ಲ, ಆದರೂ ಹೀಗಾಯ್ತು" ಅಂತ ಅಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಯಾರೂ ಲೆಕ್ಕ ಹೇಳಿರಲಿಲ್ಲ, ಅಷ್ಟೇ.

"ಹೆಂಗಸರಿಗೆ ಕಹಿ ಆಗಲ್ಲ, ಸಿಹಿನೇ ಇಷ್ಟ" ಅನ್ನುವ ಮಾತೂ ಇದೆ. ನಮ್ಮ ಅಡುಗೆಮನೆಗಳನ್ನು ನೋಡಿದವರು ಈ ಮಾತು ಹೇಗೆ ಹೇಳುತ್ತಾರೋ. ಹಾಗಲಕಾಯಿ ಗೊಜ್ಜು, ಮೆಂತ್ಯದ ಮುದ್ದೆ, ಬಾಣಂತನದ ಕಷಾಯ, ಸಕ್ಕರೆ ಇಲ್ಲದ ಸ್ಟ್ರಾಂಗ್ ಫಿಲ್ಟರ್ ಕಾಫಿ. ನಮ್ಮಜ್ಜಿ ಹಾಗಲಕಾಯಿ ಬಾಳಕ ಹುರಿದು ಮೊಸರನ್ನಕ್ಕೆ ಕರಕರ ಕಡಿದು ತಿನ್ನುತ್ತಿದ್ದರು. ಕಹಿ ರುಚಿ ಎಷ್ಟು ಚುರುಕಾಗಿ ಗೊತ್ತಾಗುತ್ತದೆ ಅನ್ನೋದು ಒಬ್ಬರಿಂದ ಒಬ್ಬರಿಗೆ ಬೇರೆ, ಅದರಲ್ಲಿ ವಂಶವಾಹಿಯ ಪಾತ್ರವೂ ಇದೆ. ಆದರೆ ಬಿಯರಾಗಲಿ ಕಾಫಿಯಾಗಲಿ, ಕಹಿ ರುಚಿಯನ್ನು ಬಹುಪಾಲು ಜನ ಕುಡಿದು ಕುಡಿದೇ ರೂಢಿ ಮಾಡಿಕೊಳ್ಳುತ್ತಾರೆ. ಯಾರಿಗೆ ಆ ರೂಢಿಗೆ ಅವಕಾಶ ಸಿಕ್ಕಿತು ಅನ್ನೋದೇ ಪ್ರಶ್ನೆ.

ಬಿಯರಿನ ಚರಿತ್ರೆ ನೋಡಿದರೆ ನನಗೆ ಬೇಜಾರಾಗುತ್ತದೆ. ಯಾಕೆಂದರೆ ಅದು ಹೆಂಗಸರ ಕೈಕೆಲಸ ಆಗಿತ್ತು. ಇವತ್ತಿನ ಇರಾಕ್ ಇರುವ ಜಾಗದಲ್ಲಿ ಸುಮೇರಿಯನ್ನರು ಬಿಯರಿಗೆ ಒಬ್ಬ ದೇವಿಯನ್ನೇ ಇಟ್ಟುಕೊಂಡಿದ್ದರು. ಅವಳ ಹೆಸರು ನಿಂಕಾಸಿ. ಕ್ರಿ.ಪೂ. 1800ರ ಸುಮಾರಿನ ಮಣ್ಣಿನ ಹಲಗೆಯ ಮೇಲೆ ಅವಳ ಸ್ತುತಿ ಸಿಕ್ಕಿದೆ, ಅದರಲ್ಲಿ ಬಿಯರ್ ಮಾಡುವ ಕ್ರಮವೂ ಬರುತ್ತದೆ. ಸ್ವಲ್ಪ ಕಾಲದ ನಂತರ ಅದೇ ಕಡೆಯ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನಲ್ಲಿ ಹೆಂಡದಂಗಡಿಯವರ ಬಗ್ಗೆ ಹೇಳುವಾಗ "ಅವಳು" ಅಂತಲೇ ಬರೆದಿದ್ದಾರೆ. ಅಂಗಡಿ ನಡೆಸುವವಳು ಹೆಂಗಸು ಅನ್ನೋದು ಅಷ್ಟು ಸಹಜವಾಗಿತ್ತು.

ಇಂಗ್ಲೆಂಡಿನಲ್ಲೂ ಹಾಗೇ. 14ನೇ ಶತಮಾನದ ತನಕ ಅಲ್ಲಿನ ಹಳ್ಳಿಗಳಲ್ಲಿ ಏಲ್ ಅನ್ನುವ ಬಿಯರನ್ನು ಹೆಚ್ಚಾಗಿ ಹೆಂಗಸರು ಮನೆಯಲ್ಲೇ ಮಾಡುತ್ತಿದ್ದರು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮಾರುತ್ತಿದ್ದರು. ಬ್ರೂಸ್ಟರ್ ಅನ್ನುವ ಇಂಗ್ಲಿಷ್ ಅಡ್ಡಹೆಸರು ಇದೆಯಲ್ಲ, ಅದು ಮೂಲದಲ್ಲಿ ಬಿಯರ್ ಮಾಡುವ ಹೆಂಗಸಿಗೆ ಇದ್ದ ಪದ. ಏಲ್ ಕೆಲವೇ ದಿನಗಳಲ್ಲಿ ಹುಳಿಯಾಗುತ್ತಿತ್ತು, ಹಾಗಾಗಿ ದೊಡ್ಡ ವ್ಯಾಪಾರ ಸಾಧ್ಯ ಇರಲಿಲ್ಲ. ಆಮೇಲೆ, 1400ರ ಹೊತ್ತಿಗೆ, ಸಮುದ್ರದ ಆಚೆಯಿಂದ ಹಾಪ್ಸ್ ಹೂವು ಹಾಕಿದ ಬಿಯರ್ ಬಂತು. ಅದು ಕೆಡದೆ ಉಳಿಯುತ್ತದೆ. ಹಡಗಿನಲ್ಲಿ ಕಳಿಸಬಹುದು, ಸೈನ್ಯಕ್ಕೆ ಸರಬರಾಜು ಮಾಡಬಹುದು. ಆದರೆ ಅದಕ್ಕೆ ದೊಡ್ಡ ಹಂಡೆ ಬೇಕು, ಸಾಲ ಬೇಕು, ಆಳುಗಳು ಬೇಕು. ಮದುವೆಯಾದ ಹೆಂಗಸಿನ ಹೆಸರಿನಲ್ಲಿ ಆಸ್ತಿ ಇರದ ಕಾಲ ಅದು. ಸಾಲ ಕೊಡುವವರು ಯಾರು? ಒಪ್ಪಂದಕ್ಕೆ ಸಹಿ ಹಾಕುವವರು ಯಾರು? ಕಸುಬಿನ ಸಂಘಗಳೂ ಗಂಡಸರ ಕೈಯಲ್ಲಿದ್ದವು. 1600ರ ಹೊತ್ತಿಗೆ ಬಿಯರ್ ಹೆಚ್ಚುಕಡಿಮೆ ಗಂಡಸರ ಉದ್ಯಮ ಆಗಿಹೋಗಿತ್ತು. ಎರಡು ಕಾಸು ಸಿಗುವಾಗ ಅದು ಹೆಂಗಸರ ಮನೆಗೆಲಸ, ಎರಡು ಲಕ್ಷ ಸಿಗುವಾಗ ಗಂಡಸರ ಕಸುಬು.

(ಮಾಟಗಾತಿಯರ ಚೂಪು ಟೋಪಿ ಬಂದದ್ದೇ ಈ ಬಿಯರ್ ಮಾರುವ ಹೆಂಗಸರಿಂದ ಅಂತ ಒಂದು ಕತೆ ಎಲ್ಲೆಡೆ ಓಡಾಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಅದಕ್ಕೆ ಗಟ್ಟಿ ಆಧಾರ ಇಲ್ಲ, ನಂಬಬೇಡಿ.)

ನಮ್ಮ ದೇಶದಲ್ಲಿ ಈ ಹಳೆಯ ರೂಪವನ್ನು ಇವತ್ತೂ ನೋಡಬಹುದು. ಜಾರ್ಖಂಡಿನ ಸಂತೆಗಳಲ್ಲಿ ಅಕ್ಕಿಯಿಂದ ಮಾಡಿದ ಹಂಡಿಯಾ ಇಟ್ಟುಕೊಂಡು ಕೂತಿರುವವರು ಆದಿವಾಸಿ ಹೆಂಗಸರು. ಅಸ್ಸಾಮಿನ ಮಿಸಿಂಗ್ ಸಮುದಾಯದಲ್ಲಿ ಅಪಾಂಗ್ ಮಾಡುವವರೂ ಹೆಂಗಸರೇ. ನಮ್ಮ ಕೊಡಗಿನ ಮನೆಗಳಲ್ಲಿ ಭರಣಿ ತುಂಬ ಹಣ್ಣಿನ ವೈನ್ ಹಾಕಿಡುವ ಅಜ್ಜಿಯರನ್ನು ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ವಿಸ್ಕಿ. ಸ್ಕಾಟ್ಲೆಂಡಿನ ಕಾರ್ಡೂ ಅನ್ನುವ ಡಿಸ್ಟಿಲರಿಗೆ ಲೈಸೆನ್ಸ್ ಸಿಕ್ಕಿದ್ದು 1824ರಲ್ಲಿ. ಅದಕ್ಕೆ ಮೊದಲು ಕದ್ದು ಭಟ್ಟಿ ಇಳಿಸುತ್ತಿದ್ದ ಕಾಲದಲ್ಲಿ ಮನೆಯೊಡತಿ ಹೆಲನ್ ಕಮ್ಮಿಂಗ್, ಅಬಕಾರಿಯವರು ಬಂದರೆ ಅವರನ್ನು ಊಟಕ್ಕೆ ಕೂರಿಸಿ, ಹೊರಗೆ ಕೆಂಪು ಬಾವುಟ ಏರಿಸಿ ಅಕ್ಕಪಕ್ಕದವರಿಗೆ ಸುದ್ದಿ ಮುಟ್ಟಿಸುತ್ತಿದ್ದಳು ಅನ್ನುವ ಕತೆ ಅಲ್ಲಿ ಇವತ್ತೂ ಇದೆ. ಅವಳ ಸೊಸೆ ಎಲಿಜಬೆತ್ ಗಂಡ ತೀರಿಕೊಂಡ ಮೇಲೆ ಡಿಸ್ಟಿಲರಿಯನ್ನು ತಾನೇ ನಡೆಸಿದಳು, ಹೊಸದಾಗಿ ಕಟ್ಟಿಸಿದಳು. ಅವಳು ಮಾರಿದ ಹಳೆಯ ಭಟ್ಟಿಪಾತ್ರೆಗಳಿಂದಲೇ ಗ್ಲೆನ್‌ಫಿಡಿಕ್ ಅನ್ನುವ ಹೆಸರಾಂತ ವಿಸ್ಕಿ ಶುರುವಾಯಿತು. 1893ರಲ್ಲಿ ಅವಳು ಡಿಸ್ಟಿಲರಿಯನ್ನು ಮಾರಿದ್ದು ಜಾನಿ ವಾಕರ್ ಕಂಪನಿಗೆ. ಕೋಲು ಹಿಡಿದು ನಡೆಯುವ ಗಂಡಸಿನ ಚಿತ್ರ ಇರುವ ಬಾಟಲಿಯೊಳಗೆ ಅತ್ತೆ-ಸೊಸೆ ಕಟ್ಟಿದ ವಿಸ್ಕಿ ಸೇರಿಕೊಂಡಿತು.

ಅದೇ ಬ್ರ್ಯಾಂಡ್ 2018ರಲ್ಲಿ ಅಮೆರಿಕದಲ್ಲಿ ಜೇನ್ ವಾಕರ್ ಅಂತ ಹೆಂಗಸಿನ ಚಿತ್ರ ಹಾಕಿ 2,50,000 ಬಾಟಲಿ ಬಿಟ್ಟಿತು. ವಿಸ್ಕಿ ಕಂಡರೆ ಹೆಂಗಸರಿಗೆ ಅಳುಕು, ಅದನ್ನು ಹೋಗಲಾಡಿಸಬೇಕು ಅನ್ನುವ ಅರ್ಥದ ಮಾತು ಕಂಪನಿ ಕಡೆಯಿಂದ ಬಂತು. ಹೆಂಗಸರು ಸರಿಯಾಗಿಯೇ ಬೈದರು. ಒಳಗಿರುವ ವಿಸ್ಕಿ ಕಟ್ಟಿದವರನ್ನು ಮರೆತು, ಲೇಬಲ್ ಮೇಲೆ ಹೆಂಗಸಿನ ಚಿತ್ರ ಹಾಕಿಸಿದರೆ ಯಾರಿಗೆ ಸಂತೋಷ?

ಹೆಂಗಸರದು ಅಂತ ನಾವು ಅಂದುಕೊಂಡಿರುವ ಡ್ರಿಂಕ್‌ಗಳ ಕಡೆ ತಿರುಗಿದರೆ ಅಲ್ಲೂ ಎಲ್ಲ ತಲೆಕೆಳಗು. ಪಿಂಕ್ ಜಿನ್ ತಗೊಳ್ಳಿ. 19ನೇ ಶತಮಾನದಲ್ಲಿ ಅದು ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳ ಡ್ರಿಂಕ್. ಹೊಟ್ಟೆ ತೊಳಸುವುದಕ್ಕೆ ಔಷಧಿಯಾಗಿ ಇಟ್ಟುಕೊಂಡಿದ್ದ ಅಂಗೊಸ್ತುರಾ ಬಿಟರ್ಸ್ ಅನ್ನುವ ಕಹಿ ದ್ರವವನ್ನು ಜಿನ್‌ಗೆ ಕೆಲವು ಹನಿ ಹಾಕಿದರೆ ಗುಲಾಬಿ ಬಣ್ಣ ಬರುತ್ತಿತ್ತು. ಮೀಸೆ ಹೊತ್ತ ಕಪ್ತಾನರು ಅದನ್ನು ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು, ಯಾರೂ ನಗುತ್ತಿರಲಿಲ್ಲ. ಗುಲಾಬಿ ಬಣ್ಣಕ್ಕೇ ಆಗ ಹೆಣ್ಣಿನ ಹಣೆಪಟ್ಟಿ ಇರಲಿಲ್ಲ. ಬಣ್ಣ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ಶಾಂಪೇನ್ ಕೂಡ ಹಾಗೇ. 1805ರಲ್ಲಿ ಫ್ರಾನ್ಸಿನ ವೈನ್ ವ್ಯಾಪಾರಿಯೊಬ್ಬನ ಹೆಂಡತಿ ಬಾರ್ಬ್-ನಿಕೋಲ್ ಕ್ಲಿಕೋ ಗಂಡನನ್ನು ಕಳೆದುಕೊಂಡಾಗ ಅವಳಿಗೆ 27 ವರ್ಷ. ಆಗಿನ ಫ್ರಾನ್ಸಿನ ಕಾನೂನಿನಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ವ್ಯಾಪಾರ ನಡೆಸುವುದು ಗಂಡನ ಒಪ್ಪಿಗೆ ಇಲ್ಲದೆ ಆಗದ ಮಾತು, ಆದರೆ ವಿಧವೆಗೆ ಆ ಕಟ್ಟು ಇರಲಿಲ್ಲ. ಅವಳ ಕಂಪನಿಯ ಹೆಸರಿನಲ್ಲಿರುವ ವ್ಹವ್ ಅನ್ನುವ ಪದದ ಅರ್ಥವೇ ವಿಧವೆ. ಬಾಟಲಿಯನ್ನು ಓರೆಯಾಗಿ ಇಟ್ಟು ದಿನಾ ಸ್ವಲ್ಪ ಸ್ವಲ್ಪ ತಿರುಗಿಸಿ, ತಳದ ಗಸಿಯನ್ನು ಬಾಯಿಗೆ ತಂದು ತೆಗೆಯುವ ವಿಧಾನ 1816ರ ಸುಮಾರಿಗೆ ಅವಳ ನೆಲಮಾಳಿಗೆಯಲ್ಲಿ ಹುಟ್ಟಿತು. ತಿಳಿಯಾದ ಶಾಂಪೇನ್ ಸಿಕ್ಕಿದ್ದು ಹಾಗೆ. ಸಿಹಿ ಕಡಿಮೆ ಮಾಡಿದ ಬ್ರೂಟ್ ಶೈಲಿಯನ್ನು 1874ರಲ್ಲಿ ಮಾರುಕಟ್ಟೆಗೆ ತಂದು ಗೆಲ್ಲಿಸಿದವಳು ಇನ್ನೊಬ್ಬ ವಿಧವೆ, ಲೂಯಿಸ್ ಪೊಮ್ಮೆರಿ. ಆಗ ಗಂಡಸರೇ ಕುಡಿಯುತ್ತಿದ್ದ ಶಾಂಪೇನ್ ಪಾಯಸದಂತೆ ಸಿಹಿ ಇರುತ್ತಿತ್ತು! ಸಿಹಿ ಹೆಣ್ಣಿನದು, ಸಿಹಿ ಇಲ್ಲದ ರುಚಿ ಗಂಡಿನದು ಅನ್ನುವವರು ಇದನ್ನು ಎಲ್ಲಿ ಇಡುತ್ತಾರೆ?

ಕಾಸ್ಮೋಪಾಲಿಟನ್ ಇವತ್ತು ನಾವು ಬಲ್ಲ ರೂಪಕ್ಕೆ ಬಂದದ್ದು 1988ರಲ್ಲಿ, ನ್ಯೂಯಾರ್ಕಿನ ಒಡಿಯನ್ ರೆಸ್ಟೋರೆಂಟಿನಲ್ಲಿ, ಟೋಬಿ ಚೆಕ್ಕಿನಿ ಅನ್ನುವ ಬಾರ್‌ಟೆಂಡರ್ ಕೈಯಲ್ಲಿ. ಹತ್ತು ವರ್ಷದ ನಂತರ ನಾಲ್ಕು ಗೆಳತಿಯರ ಒಂದು ಟಿವಿ ಧಾರಾವಾಹಿಯಲ್ಲಿ ಅದು ಕಾಣಿಸಿಕೊಂಡಿತು, ಅಲ್ಲಿಂದ ಗಂಡಸರು ಅದನ್ನು ಮುಟ್ಟೋಕೆ ಹಿಂಜರಿದರು. ಅದರ ಗ್ಲಾಸನ್ನು ನೋಡಿ. ಉದ್ದ ಕಾಲು, ಮೇಲೆ ಅಗಲ ಬಾಯಿ. ಅದು ಮಾರ್ಟೀನಿ ಗ್ಲಾಸ್. ಸಿನಿಮಾದ ಗೂಢಚಾರ ಅದೇ ಗ್ಲಾಸಿನಲ್ಲಿ ಬಣ್ಣವಿಲ್ಲದ ಮಾರ್ಟೀನಿ ಕುಡಿದರೆ ಗಂಡಸುತನ!

ಈ ಪಟ್ಟಿಗಳನ್ನು ಬೇಕಂತಲೇ ಅಂಟಿಸಿದ್ದೂ ಇದೆ. 1953ರಲ್ಲಿ ಇಂಗ್ಲೆಂಡಿನಲ್ಲಿ ಬೇಬಿಚ್ಯಾಮ್ ಅಂತ ಪೇರ್ ಹಣ್ಣಿನ, ನೊರೆ ಬರುವ ಡ್ರಿಂಕ್ ಬಂತು. ಪುಟ್ಟ ಬಾಟಲಿ, ಮೇಲೆ ಜಿಂಕೆಮರಿ, ಶಾಂಪೇನ್ ಗ್ಲಾಸ್. ಪಬ್ಬಿಗೆ ಬಂದ ಹೆಂಗಸು ಏನು ಕೇಳಬೇಕು ಅಂತ ತೋಚದೆ ನಿಂತಾಗ ಅವಳಿಗೆ ಒಂದು ಉತ್ತರ ಕೊಟ್ಟಿತು ಆ ಕಂಪನಿ. ಸಿಕ್ಕಾಪಟ್ಟೆ ಮಾರಾಟ ಆಯಿತು. 2011ರಲ್ಲಿ ಅದೇ ದೇಶದಲ್ಲಿ ಒಂದು ದೊಡ್ಡ ಬಿಯರ್ ಕಂಪನಿ ಅನಿಮೇ ಅಂತ ಹೆಂಗಸರ ಬಿಯರ್ ತಂದಿತು, ಅದರಲ್ಲಿ ಗುಲಾಬಿ ಬಣ್ಣದ್ದೂ ಒಂದು. ಮರುವರ್ಷವೇ ಮುಚ್ಚಿತು. 60 ವರ್ಷದಲ್ಲಿ ಏನು ಬದಲಾಯಿತು? ಬೇಬಿಚ್ಯಾಮ್ ಕಾಲದಲ್ಲಿ ಹೆಂಗಸಿಗೆ ಪಬ್ಬಿನಲ್ಲಿ ಸಲೀಸಾದ ಜಾಗ ಇರಲಿಲ್ಲ, ಆ ಬಾಟಲಿ ಒಳಗೆ ಹೋಗೋಕೆ ಒಂದು ಚೀಟಿಯಂತಿತ್ತು. 2011ರಲ್ಲಿ ಅವಳು ಆಗಲೇ ಒಳಗೆ ಕೂತಿದ್ದಳು.

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ. ಯಾರು ಏನು ಕುಡಿಯುತ್ತಾರೆ ಅನ್ನೋದಕ್ಕಿಂತ ಮೊದಲು, ಯಾರು ಎಲ್ಲಿ ಕೂರಬಹುದು ಅನ್ನೋದು ತೀರ್ಮಾನವಾಗಿತ್ತು. ಐರ್ಲೆಂಡಿನ ಹಳೆಯ ಪಬ್ಬುಗಳಲ್ಲಿ ಸ್ನಗ್ ಅಂತ ಮುಚ್ಚಿದ ಚಿಕ್ಕ ಕೋಣೆ ಇರುತ್ತಿತ್ತು. ಹೆಂಗಸರು ಯಾರ ಕಣ್ಣಿಗೂ ಬೀಳದೆ ಅಲ್ಲಿ ಕೂತು ಕುಡಿಯಬೇಕಿತ್ತು. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 1965ರಲ್ಲಿ ಮೆರ್ಲ್ ಥಾರ್ನ್‌ಟನ್ ಮತ್ತು ರೊಸಾಲಿ ಬೊಗ್ನರ್ ಅನ್ನುವ ಇಬ್ಬರು ರೆಗಾಟ ಹೋಟೆಲಿನ ಬಾರಿಗೆ ಹೋಗಿ, ತಮಗೂ ಬಿಯರ್ ಕೊಡಿ ಅಂತ ಕಾಲಿಡುವ ಕಂಬಿಗೆ ಸರಪಳಿಯಿಂದ ತಮ್ಮನ್ನೇ ಕಟ್ಟಿಕೊಂಡರು. ಲಂಡನ್ನಿನ ಪತ್ರಕರ್ತರ ಅಡ್ಡಾ ಆಗಿದ್ದ ಎಲ್ ವಿನೋ ಅನ್ನುವ ಬಾರಿನಲ್ಲಿ ಹೆಂಗಸರು ಕೌಂಟರ್ ಮುಂದೆ ನಿಂತು ಕುಡಿಯುವ ಹಾಗಿರಲಿಲ್ಲ, ಹಿಂದಿನ ಕೋಣೆಯಲ್ಲಿ ಕೂರಬೇಕಿತ್ತು. ಅದು ತಪ್ಪು ಅಂತ ಕೋರ್ಟ್ ಹೇಳಿದ್ದು 1982ರಲ್ಲಿ.

ದೂರದ ಮಾತು ಅನ್ನಿಸುತ್ತಾ? ನಮ್ಮ ಊರಿನ ಬಾರ್ ಅಂಡ್ ರೆಸ್ಟೋರೆಂಟ್ ಬೋರ್ಡ್ ನೆನಪು ಮಾಡಿಕೊಳ್ಳಿ. "ಫ್ಯಾಮಿಲಿ ರೂಮ್ ಇದೆ." ಮೆಟ್ಟಿಲು ಹತ್ತಿ ಹೋದರೆ ಪರದೆ, ಪ್ಲೈವುಡ್ ಗೋಡೆ, ಟ್ಯೂಬ್‌ಲೈಟ್. ಅದು ನಮ್ಮ ಸ್ನಗ್. ಕೆಳಗಿನ ಹಾಲ್ ಯಾರದು ಅಂತ ಹೇಳಬೇಕಾಗಿಲ್ಲ. ವೈನ್ ಶಾಪ್ ಅಂತ ಬೋರ್ಡ್ ಇರುವ ಅಂಗಡಿಯಲ್ಲಿ ವೈನ್ ಹುಡುಕಬೇಕು, ಕಟಕಟೆಯ ಮುಂದೆ ನಿಂತ ಸಾಲಿನಲ್ಲಿ ಹೆಂಗಸನ್ನೂ ಹುಡುಕಬೇಕು. ನಾನು ಒಂದು ಸಲ ಆ ಸಾಲಿನಲ್ಲಿ ನಿಂತಿದ್ದೇನೆ. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ತಿರುಗಿ ನೋಡಿದರು, ಒಬ್ಬರು "ಮೇಡಂ, ನೀವು ಮೊದಲು ತಗೊಂಡು ಹೋಗಿಬಿಡಿ" ಅಂತ ದಾರಿ ಬಿಟ್ಟರು. ಮರ್ಯಾದೆಯೇ, ಆದರೆ ಬೇಗ ಹೊರಡಿ ಅನ್ನುವ ಮರ್ಯಾದೆ.

ದೆಹಲಿಯಲ್ಲಿ 1914ರ ಪಂಜಾಬ್ ಅಬಕಾರಿ ಕಾಯ್ದೆಯ ಪ್ರಕಾರ ಸಾರ್ವಜನಿಕರು ಮದ್ಯ ಕುಡಿಯುವ ಜಾಗದಲ್ಲಿ ಹೆಂಗಸರು ಕೆಲಸ ಮಾಡುವ ಹಾಗೇ ಇರಲಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹುಡುಗಿಗೂ ಬಾಗಿಲು ಮುಚ್ಚಿತ್ತು. ಅನೂಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ನಿಲ್ಲುವುದಿಲ್ಲ ಅಂದದ್ದು 2007ರ ಡಿಸೆಂಬರಿನಲ್ಲಿ. ಹೆಂಗಸರಿಗೆ ರಕ್ಷಣೆ ಬೇಕಾದರೆ ಜಾಗವನ್ನು ಸುರಕ್ಷಿತ ಮಾಡಿ, ಕೆಲಸ ಕಿತ್ತುಕೊಳ್ಳಬೇಡಿ ಅನ್ನುವುದು ಅದರ ತಿರುಳು. ಅದಾಗಿ ಒಂದು ವರ್ಷ ಚಿಲ್ಲರೆ, 2009ರ ಜನವರಿ 24ರಂದು, ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಎಳೆದಾಡಿ ಹೊಡೆದರು. ಆ ವಿಡಿಯೋ ನೋಡಿದ ನನ್ನ ತಲೆಮಾರಿನ ಹುಡುಗಿಯರಿಗೆ ಗ್ಲಾಸು ಹಿಡಿದು ಕೂರುವಾಗ ಬಾಗಿಲ ಕಡೆ ಒಂದು ಕಣ್ಣಿಡುವ ಅಭ್ಯಾಸ ಬಂದುಬಿಟ್ಟಿದೆ. ಜ್ಯೂಸಿನಂತೆ ಕಾಣುವ ಡ್ರಿಂಕ್ ಕೇಳುವ ಎಷ್ಟೋ ಹುಡುಗಿಯರಿಗೆ ಅದು ರುಚಿಯ ಆಯ್ಕೆ ಅಲ್ಲ. ಫೋಟೋದಲ್ಲಿ ಬಿದ್ದರೂ ಮನೆಯವರಿಗೆ ಗೊತ್ತಾಗಬಾರದು, ಅಷ್ಟೇ.

ಗಂಡಸರಿಗೆ ಇದರಿಂದ ಲಾಭ ಆಯಿತಾ ಅಂದರೆ, ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಕುಡಿಯುವವರು 100ಕ್ಕೆ ಒಬ್ಬರ ಆಸುಪಾಸು, ಗಂಡಸರಲ್ಲಿ ಸುಮಾರು 19. ಮದ್ಯದ ಜಾಹೀರಾತಿಗೆ ಟಿವಿಯಲ್ಲಿ ಅವಕಾಶ ಇಲ್ಲದಿದ್ದರೂ ಸೋಡಾ, ಮ್ಯೂಸಿಕ್ ಸಿಡಿ ಹೆಸರಿನಲ್ಲಿ "ಮೆನ್ ವಿಲ್ ಬಿ ಮೆನ್" ಅಂತ ವರ್ಷಗಟ್ಟಲೆ ಕೇಳಿಸಿದ್ದಾರೆ. ಮದ್ಯದ ಕಂಪನಿಗಳು ಮಾರಿದ್ದು ವಿಸ್ಕಿ ಜೊತೆಗೆ ಒಂದು ಅಳತೆಗೋಲನ್ನೂ. ನೀರು ಬೆರೆಸದೆ ಕುಡಿದರೆ ಗಂಡು, ಜಾಸ್ತಿ ತಡೆದುಕೊಂಡರೆ ಇನ್ನೂ ಗಂಡು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಮದ್ಯದಿಂದ ಸತ್ತ 26 ಲಕ್ಷ ಜನರಲ್ಲಿ 20 ಲಕ್ಷ ಗಂಡಸರು.

ನನ್ನ ಒಬ್ಬ ಗೆಳೆಯ ಇದ್ದಾನೆ, ಆಫೀಸಿನ ಪಾರ್ಟಿಗಳಿಗೆ ಹೋಗಲೇಬೇಕಾದ ಕೆಲಸ. ಅವನಿಗೆ ವಿಸ್ಕಿಯ ವಾಸನೆ ಆಗುವುದಿಲ್ಲ. ಬ್ರೀಜರ್ ಇಷ್ಟ, ಒಂದು ಕುಡಿದರೆ ಸಾಕು ಅವನಿಗೆ. ಮೊದಲ ವರ್ಷ ಅದನ್ನೇ ಹಿಡಿದು ನಿಂತಿದ್ದಕ್ಕೆ "ಏನ್ ಮಗಾ, ಬಳೆ ತೊಡಿಸಲಾ?" ಅಂತ ಕೇಳಿದರಂತೆ. ಆಮೇಲೆ ಎರಡು ವರ್ಷ ಅವನು ಮೂಗು ಮುಚ್ಚಿಕೊಂಡು ವಿಸ್ಕಿ ಕುಡಿದ, ಒಂದಲ್ಲ, ಎಲ್ಲರ ಸಮಕ್ಕೆ ನಾಲ್ಕು. ಒಂದು ರಾತ್ರಿ ಬೈಕ್ ಓಡಿಸಿಕೊಂಡು ಬಂದು ರಿಂಗ್ ರೋಡಿನ ಡಿವೈಡರಿಗೆ ಗುದ್ದಿದ. ಕಾಲರ್ ಬೋನ್ ಮುರಿಯಿತು, ಜೀವ ಉಳಿಯಿತು.

ಈಗ ಅವನು ಪಾರ್ಟಿಗೆ ಕ್ಯಾಬಿನಲ್ಲಿ ಹೋಗುತ್ತಾನೆ. ಮೊದಲು ಬಾರ್ ಕೌಂಟರಿಗೆ ಹೋಗಿ ಮೆಲ್ಲಗೆ ಹೇಳುತ್ತಾನಂತೆ, "ಅಣ್ಣಾ, ಒಂದು ಬ್ರೀಜರ್ ಕೊಡಿ. ಆದರೆ ವಿಸ್ಕಿ ಗ್ಲಾಸಿಗೆ ಹಾಕಿಕೊಡಿ." ಕಿತ್ತಳೆ ಬಣ್ಣದ್ದನ್ನೇ ಕೇಳುತ್ತಾನೆ, ಮಂದ ಬೆಳಕಿನಲ್ಲಿ ಗೊತ್ತಾಗದಿರಲಿ ಅಂತ. ಬಾರಿನವರು ಕಾರಣ ಕೇಳಿಲ್ಲ. "ನಿಮ್ಮ ಹಾಗೆ ದಿನಾ ಇಬ್ಬರು ಮೂವರು ಬರ್ತಾರೆ ಸಾರ್" ಅಂದರಂತೆ.